ಬೆಲೆ ಕೇಳದ ರುಕ್ಮಿಣಕ್ಕ

ಸವಳಂಗ ರಸ್ತೆಯ ನಮ್ಮ ಷೇರು ಆಫೀಸಿಗೆ ಬಂದವರೆಲ್ಲ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ರುಕ್ಮಿಣಕ್ಕ ಒಬ್ಬರೇ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಆ ಗೋಡೆಯ ಮೇಲೆ ಮೊದಲು ಕರಿಹಲಗೆ ಇತ್ತು. ಬೆಂಗಳೂರಿನಿಂದ ಫೋನಿನಲ್ಲಿ ಬಂದ ಬೆಲೆಗಳನ್ನು ನಾನು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಆಮೇಲೆ ಹಲಗೆ ಹೋಗಿ ಟೀವಿ ಬಂತು, ಅದರ ಬುಡದಲ್ಲಿ ಬೆಲೆಗಳು ಇರುವೆ ಸಾಲಿನ ಹಾಗೆ ಹರಿಯತೊಡಗಿದವು. ಬಟ್ಟೆ ಅಂಗಡಿಯವರು, ನಿವೃತ್ತ ಮೇಷ್ಟ್ರುಗಳು, ಅಡಿಕೆ ಮಂಡಿಯವರು ಎಲ್ಲ ಕಣ್ಣು ಕೀಳದೆ ನೋಡುತ್ತಿದ್ದರೆ, ಈಕೆ ಬಂದವರೇ ಕುರ್ಚಿ ತಿರುಗಿಸಿಕೊಂಡು ಬಾಗಿಲಾಚೆಯ ರಸ್ತೆ ನೋಡುತ್ತ ನೀರು ಕುಡಿಯುತ್ತಿದ್ದರು. ಒಂದು ದಿನ ಕೇಳಿದ್ದಕ್ಕೆ, "ನಂಗೆ ಅದು ಬೇಡ ಮಾರಾಯ್ತಿ. ನೋಡಿದ್ರೆ ರಾತ್ರಿ ನಿದ್ದೆ ಬರಲ್ಲ" ಅಂದರು. ತಮಾಷೆಗೆ ಹೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಭಯವಿತ್ತು.

ಅವರು ಪಿಗ್ಮಿ ಕಟ್ಟಿಸಿಕೊಳ್ಳುವ ಹೆಂಗಸು. ಒಂದು ಸಹಕಾರ ಸಂಘದ ಪರವಾಗಿ ಅಂಗಡಿ ಅಂಗಡಿ ಸುತ್ತಿ, ವ್ಯಾಪಾರಿಗಳು ದಿನದ ಕೊನೆಗೆ ತೆಗೆದಿಟ್ಟ ಸಣ್ಣ ಉಳಿತಾಯವನ್ನು ತೆಗೆದುಕೊಂಡು ರಸೀದಿ ಹರಿದು ಕೊಡುವುದು ಕೆಲಸ. ಸಂಬಳವಿಲ್ಲ, ಕಮಿಷನ್ ಮಾತ್ರ. ಮನೆ ಭದ್ರಾವತಿಯಲ್ಲಿ. ದಿನಾ ಬಸ್ಸಿಗೆ ಬಂದು, ಶಿವಮೊಗ್ಗದ ಬಿಸಿಲು ಮಳೆ ಎರಡನ್ನೂ ಒಂದೇ ಛತ್ರಿಯಲ್ಲಿ ಕಳೆದು, ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಎತ್ತರದ ಸಣಕಲು ಮೈ. ವರ್ಷಗಟ್ಟಲೆ ರೆಕ್ಸಿನ್ ಚೀಲ ನೇತುಹಾಕಿ ಒಂದು ಹೆಗಲು ಕೆಳಗಿಳಿದಿತ್ತು. ಯಾರ ಹತ್ತಿರ ಮಾತಾಡಿದರೂ ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಅನ್ನುವ ಹಾಗೆ ತಗ್ಗಿದ ದನಿ.

ನಾನು ಕುಂಸಿಯ ಕಡೆಯವಳು. ಡಿಗ್ರಿ ಮುಗಿಸಿ ತೊಂಬತ್ತರ ದಶಕದ ನಡುವೆ ಆ ಆಫೀಸಿಗೆ ಕೆಲಸಕ್ಕೆ ಸೇರಿದ್ದೆ. ಯಜಮಾನರಿಗೆ ಪಿಗ್ಮಿ ಕಟ್ಟಿಸಿಕೊಳ್ಳಲು ರುಕ್ಮಿಣಕ್ಕ ಬರುತ್ತಿದ್ದುದರಿಂದ ಮುಖಪರಿಚಯವಿತ್ತು. ಒಂದು ಮಧ್ಯಾಹ್ನ ರಸೀದಿ ಕೊಟ್ಟವರು ಹೋಗದೆ ನಿಂತು, ಷೇರು ಕೊಂಡರೆ ಎಷ್ಟು ವರ್ಷ ಇಟ್ಟುಕೊಳ್ಳಬಹುದು ಎಂದು ಕೇಳಿದರು. ಯಜಮಾನರು ನಕ್ಕರು. ಎಲ್ಲರೂ ಯಾವಾಗ ಮಾರಬೇಕು ಎಂದು ಕೇಳುವವರೇ. ಎಷ್ಟು ವರ್ಷ ಬೇಕಾದರೂ ಇಟ್ಟುಕೊಳ್ಳಿ ಅಮ್ಮ, ಯಾರೂ ಬೇಡ ಅನ್ನುವುದಿಲ್ಲ ಅಂದರು.

"ನಾನು ಸತ್ತ ಮೇಲೂ?" ಅಂದರು ರುಕ್ಮಿಣಕ್ಕ.

ನಗುತ್ತಿದ್ದ ಯಜಮಾನರು ನಗು ನಿಲ್ಲಿಸಿ ಹೌದು ಅಂದರು. "ಹಾಗಾದ್ರೆ ಸರಿ" ಎಂದು ಆಕೆ ಚೀಲ ಹೆಗಲಿಗೇರಿಸಿಕೊಂಡು ಹೋದರು. ಮುಂದಿನ ತಿಂಗಳು ಬಂದು ಮೊದಲ ಷೇರು ಕೊಂಡರು.

ಆ ಪ್ರಶ್ನೆಯ ಹಿಂದೆ ಏನಿತ್ತೆಂದು ನನಗೆ ತಿಳಿದದ್ದು ನಿಧಾನವಾಗಿ. ಅವರಿಗೆ ಒಬ್ಬಳೇ ಮಗಳು, ಚಿತ್ರಾ. ಹುಟ್ಟುವಾಗ ಆದ ತೊಂದರೆಯಿಂದ ಮೈ ಬೆಳೆದರೂ ಬುದ್ಧಿ ನಾಲ್ಕೈದು ವರ್ಷದ ಮಗುವಿನದೇ ಆಗಿ ಉಳಿದಿತ್ತು. ಊಟ ಕಲಸಿಕೊಡಬೇಕು, ಜಡೆ ಹಾಕಬೇಕು, ಬಚ್ಚಲಿಗೆ ಕರೆದುಕೊಂಡು ಹೋಗಬೇಕು. ಗಂಡ ಶಿವರಾಮಣ್ಣ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ರುಕ್ಮಿಣಕ್ಕ ಊರಲ್ಲಿ ಇಲ್ಲದ ಹೊತ್ತು, ಗಂಡನೂ ಶಿಫ್ಟಿಗೆ ಹೋದರೆ ಪಕ್ಕದ ಮನೆಯ ತಮಿಳು ಹೆಂಗಸು ಚಿತ್ರಾಳನ್ನು ನೋಡಿಕೊಳ್ಳುತ್ತಿದ್ದಳು. ಡಾಕ್ಟರು ಒಮ್ಮೆ, ಹುಡುಗಿಯ ಮೈ ಗಟ್ಟಿ ಇದೆ, ಎಲ್ಲರ ಹಾಗೆ ಬದುಕುತ್ತಾಳೆ ಎಂದಿದ್ದರಂತೆ. ಯಾವ ತಾಯಿಯಾದರೂ ಕೇಳಿ ಸಂತೋಷಪಡುವ ಮಾತು ಅದು. ತಾನು ಅದನ್ನು ಕೇಳಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತದ್ದನ್ನು ರುಕ್ಮಿಣಕ್ಕ ನನಗೆ ಹೇಳಿದ್ದರು.

"ನಾವಿಬ್ರು ಹೋದ್ಮೇಲೆ ಇನ್ನೂ ಮೂವತ್ತು ನಲವತ್ತು ವರ್ಷ ಅವಳಿಗೆ ತಿಂಗಳು ತಿಂಗಳು ಅನ್ನ ಹಾಕೋನೊಬ್ಬ ಮಗ ಬೇಕು ಶೋಭಾ. ಹೆರೋಕೆ ಧೈರ್ಯ ಬರ್ಲಿಲ್ಲ. ಕೊಂಡ್ಕೋತಾ ಇದೀನಿ."

ಹೀಗೆ ಅವರು ಕೊಂಡುಕೊಳ್ಳುತ್ತಲೇ ಹೋದರು. ತಿಂಗಳಿಗಿಷ್ಟು, ಕೈಯಲ್ಲಾಗದ ತಿಂಗಳು ಕೊಳ್ಳುತ್ತಿರಲಿಲ್ಲ. ಯಾವ ಕಂಪನಿ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಪಿಗ್ಮಿಗೆ ಹೋದ ಕಡೆ ಅಂಗಡಿಯವರ ಜೊತೆ ಮಾತಾಡುತ್ತ, ಜನ ಯಾವ ಸಾಬೂನನ್ನು ಹೆಸರು ಹಿಡಿದು ಕೇಳುತ್ತಾರೆ, ಯಾವ ಬಣ್ಣದ ಡಬ್ಬಿ ಖಾಲಿಯಾದರೆ ಪೇಂಟರುಗಳು ಬೇರೆಯದನ್ನು ಒಪ್ಪದೆ ಹಿಂದಕ್ಕೆ ಹೋಗುತ್ತಾರೆ ಎಂದು ತಿಳಿದುಕೊಳ್ಳುತ್ತಿದ್ದರು. ತಪ್ಪಿದ್ದೂ ಉಂಟು. ತೇಗದ ಮರ ಬೆಳೆಸಿ ದುಪ್ಪಟ್ಟು ಕೊಡುತ್ತೇವೆಂದ ಒಂದು ಕಂಪನಿಯ ಷೇರು ಕೊಂಡರು, ಆ ಕಂಪನಿ ವಿಳಾಸವೇ ಇಲ್ಲದ ಹಾಗೆ ಮಾಯವಾಯಿತು. ಆ ಷೇರುಪತ್ರವನ್ನು ಅಡುಗೆಮನೆಯ ಸ್ಟ್ಯಾಂಡಿಗೆ ಹಾಸಿ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದೇನೆ ಎಂದರು. ಕಾಗದ ಚೆನ್ನಾಗಿದೆ, ಎಣ್ಣೆ ಹೀರುವುದಿಲ್ಲ ಅಂದರು.

ಎರಡು ಸಾವಿರದ ಇಸವಿ ಕಳೆದು ಮಾರುಕಟ್ಟೆ ಕುಸಿದಾಗಿನ ಒಂದು ದಿನ ನೆನಪಿದೆ. ಕಂಪ್ಯೂಟರ್ ಕಂಪನಿಗಳ ಹಿಂದೆ ಬಿದ್ದವರೆಲ್ಲ ಕೈ ಸುಟ್ಟುಕೊಂಡಿದ್ದರು. ಬಟ್ಟೆ ಅಂಗಡಿಯ ಒಬ್ಬರು, ಮಗಳ ಮದುವೆಯ ದುಡ್ಡು ಹಾಕಿದ್ದವರು, ನಮ್ಮ ಬೆಂಚಿನ ಮೇಲೆ ಕೂತು ಟೀವಿ ನೋಡುತ್ತ ಸದ್ದಿಲ್ಲದೆ ಅಳತೊಡಗಿದರು. ಗಂಡಸರೆಲ್ಲ ಕಾಣದವರಂತೆ ಇದ್ದರು. ರುಕ್ಮಿಣಕ್ಕ ಎದ್ದು ಹೋಗಿ ಪಕ್ಕದ ಹೋಟೆಲಿನಿಂದ ಟೀ ತಂದು ಅವರ ಕೈಗೆ ಕೊಟ್ಟು, ಅವರು ಕುಡಿದು ಮುಗಿಸುವ ತನಕ ಪಕ್ಕದಲ್ಲೇ ಕೂತಿದ್ದರು. ಅವರು ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು ತಮ್ಮ ಆ ತಿಂಗಳ ಖರೀದಿ ಹೇಳಿದರು. ಸಹಿ ಮಾಡಲು ಪೆನ್ನು ಎತ್ತಿ, ಕೆಳಗಿಟ್ಟು, ಮತ್ತೆ ಎತ್ತಿ ಸಹಿ ಹಾಕಿದರು. ಇಷ್ಟು ಹೆದರಿಕೆ ಇದ್ದ ಮೇಲೆ ಈ ತಿಂಗಳು ಬಿಡಬಹುದಲ್ಲ ಅಕ್ಕ ಅಂದೆ.

"ಹೆದರಿಕೆ ಹೋದ್ಮೇಲೆ ಮಾಡೋಣ ಅಂದ್ರೆ ಏನೂ ಮಾಡೋಕಾಗಲ್ಲ. ಹೆದರ್ಕೊಂಡೇ ಮಾಡ್ಬೇಕು" ಎಂದರು.

ಅದಾದ ಮೇಲೆ ಷೇರುಪತ್ರಗಳನ್ನೆಲ್ಲ ಕಂಪ್ಯೂಟರ್ ಖಾತೆಗೆ ಸೇರಿಸುವ ಕಾಲ ಬಂತು. ಆ ಕಾಗದಪತ್ರದ ಕೆಲಸಕ್ಕೆ ನಾನೊಂದು ಭಾನುವಾರ ಭದ್ರಾವತಿಗೆ ಹೋಗಿದ್ದೆ. ಶಿವರಾಮಣ್ಣ ಆಗ ಕಾರ್ಖಾನೆಯಿಂದ ಸ್ವಯಂನಿವೃತ್ತಿ ತೆಗೆದುಕೊಂಡು, ಬಂದ ಹಣದಲ್ಲಿ ಮಾಚೇನಹಳ್ಳಿಯಲ್ಲಿ ಒಂದು ಲೇತ್ ಶೆಡ್ ಹಾಕಿದ್ದರು. ಕ್ವಾರ್ಟರ್ಸ್ ಬಿಟ್ಟು ಬಾಡಿಗೆ ಮನೆಗೆ ಬಂದಿದ್ದರು. ಮಿತಭಾಷಿ ಮನುಷ್ಯ. ಹೆಂಡತಿಯ ಷೇರುಗಳನ್ನು ಅವರು 'ನಿನ್ನ ಕಾಗದ' ಎಂದೇ ಕರೆಯುತ್ತಿದ್ದರು. ಆ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ, ಒಂದು ದೂರ ಇತ್ತು. ಚಿತ್ರಾ ಹೂವಿನ ನೈಟಿ ತೊಟ್ಟು ನನ್ನ ಪಕ್ಕ ಬಂದು ಕೂತು, ನನ್ನ ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸಿ ಕೆಳಗೆ ಬೀಳಿಸುತ್ತ ನಗುತ್ತಿದ್ದಳು. ಆಗಲೇ ಅವಳಿಗೆ ಇಪ್ಪತ್ತು ದಾಟಿತ್ತು. ರುಕ್ಮಿಣಕ್ಕ ಅವಳ ಬಾಯಿಗೆ ಅನ್ನ ಇಡುತ್ತ, ಈ ಕೈ ನಿಂತ ದಿನ ಯಾವ ಕೈ ಬರುತ್ತೋ, ಒಳ್ಳೆ ಕೈ ಬರಬೇಕಾದರೆ ಅದಕ್ಕೆ ಸಂಬಳ ಕೊಡೋಕಾಗಬೇಕಲ್ಲ ಎಂದು ಸಂತೆಯ ಲೆಕ್ಕ ಹೇಳುವಷ್ಟು ಸಹಜವಾಗಿ ಹೇಳಿದರು.

ಶೆಡ್ ಕೆಲವೇ ವರ್ಷ ನಡೆದು ಮುಚ್ಚಿತು. ನಿವೃತ್ತಿಯ ಹಣವೆಲ್ಲ ಅದರಲ್ಲಿ ಹೋಯಿತು. ರುಕ್ಮಿಣಕ್ಕನ ಷೇರುಗಳು ಮಾತ್ರ ಬೆಳೆಯುತ್ತಿದ್ದವು. ಎರಡು ಸಾವಿರದ ಏಳರ ಹೊತ್ತಿಗೆ ಅವು ಅವರು ಹಾಕಿದ ಹಣದ ಎಷ್ಟೋ ಪಟ್ಟಾಗಿದ್ದವು. ಹೇಳಲು ಹೋದರೆ ಕೈ ಅಡ್ಡ ಮಾಡುವರು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವರು ತಮ್ಮ ಷೇರಿನ ಬೆಲೆ ಕೇಳಲಿಲ್ಲ.

ಮಾರನೇ ವರ್ಷ ಎರಡು ಕೆಡುಕು ಒಟ್ಟಿಗೆ ಬಂದವು. ಜನವರಿಯಿಂದಲೇ ಮಾರುಕಟ್ಟೆ ಬೀಳಲು ಶುರುವಾಗಿತ್ತು. ಮಳೆಗಾಲದಲ್ಲಿ ರುಕ್ಮಿಣಕ್ಕ ಸ್ತನದಲ್ಲಿ ಒಂದು ಗಂಟು ಕಂಡು ಡಾಕ್ಟರ ಹತ್ತಿರ ಹೋದರು. ಕರಾವಳಿ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅದಕ್ಕೆ ಒಡವೆ, ಇದ್ದಬದ್ದ ಉಳಿತಾಯ ಎಲ್ಲ ಹೋಯಿತು. ಆಮೇಲೆ ಅಲ್ಲಿನ ಡಾಕ್ಟರು, ಈ ಬಗೆಯ ಗಂಟಿಗೆ ಹೊಸದೊಂದು ಇಂಜೆಕ್ಷನ್ ಬಂದಿದೆ, ವರ್ಷಪೂರ್ತಿ ತೆಗೆದುಕೊಂಡರೆ ಕಾಯಿಲೆ ಮರಳುವುದು ಕಡಿಮೆ, ಆದರೆ ಬಹಳ ದುಬಾರಿ ಎಂದರು. ಖಂಡಿತ ಉಳಿಯುತ್ತಾರೆ ಅನ್ನಲಿಲ್ಲ, ಉಳಿಯುವುದಿಲ್ಲ ಅಂತಲೂ ಅನ್ನಲಿಲ್ಲ. ಆ ಇಂಜೆಕ್ಷನ್ನುಗಳ ಖರ್ಚು ಹಿಂದಿನ ವರ್ಷವಾಗಿದ್ದರೆ ಅವರ ಷೇರುಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾರಿದರೂ ಸಾಕಾಗುತ್ತಿತ್ತು. ಈಗ ಎಲ್ಲವನ್ನೂ ಮಾರಿದರೂ ಸರಿಸುಮಾರು ಅಷ್ಟೇ ಬರುತ್ತಿತ್ತು.

ದೀಪಾವಳಿಗೆ ಮುಂಚೆ ಶಿವರಾಮಣ್ಣ ನಮ್ಮ ಆಫೀಸಿಗೆ ಬಂದರು. ಅವರು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಟೀವಿಯಲ್ಲಿ ಎಲ್ಲ ಕೆಂಪು. ಎಲ್ಲವನ್ನೂ ಇವತ್ತೇ ಮಾರಿಬಿಡಿ, ಅವಳಿಗೆ ಆಮೇಲೆ ನಾನೇ ಹೇಳಿಕೊಳ್ಳುತ್ತೇನೆ ಅಂದರು. ಖಾತೆ ಅಕ್ಕನ ಹೆಸರಲ್ಲಿದೆ, ಅವರ ಮಾತಿಲ್ಲದೆ ಆಗುವುದಿಲ್ಲ ಎಂದೆ. ಅವರು ವಾದ ಮಾಡಲಿಲ್ಲ. "ಹಾಗಾದ್ರೆ ನೀನೇ ಬಂದು ಅವಳಿಗೆ ಹೇಳಮ್ಮ. ನನ್ನ ಮಾತು ಕೇಳ್ತಾ ಇಲ್ಲ" ಅಂದರು. ಮುಂದಿನ ಬಸ್ಸಿಗೇ ಅವರ ಜೊತೆ ಹೊರಟೆ. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು. ಅವರ ಶೆಡ್ ಇದ್ದ ಮಾಚೇನಹಳ್ಳಿ ಬಂದಾಗ ಮಾತ್ರ ಮುಖ ಈಚೆ ತಿರುಗಿಸಿಕೊಂಡರು.

ರುಕ್ಮಿಣಕ್ಕ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದರು. ತಲೆಗೆ ಹತ್ತಿಯ ವಸ್ತ್ರ ಸುತ್ತಿದ್ದರು. ಗಂಡನನ್ನು ಹಾಲು ತರಲು ಕಳಿಸಿ, ಅವರು ಗೇಟು ದಾಟಿದ ಸದ್ದು ಕೇಳಿಸಿಕೊಂಡು ಮಾತು ಶುರುಮಾಡಿದರು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಅವರಿಗೆ ಮೊದಲೇ ಗೊತ್ತಿದ್ದಂತಿತ್ತು.

"ಬೆಲೆ ಚೆನ್ನಾಗಿದ್ದಿದ್ರೆ ಅರ್ಧ ಕಿತ್ತು ತಗೋತಿದ್ದೆ ಶೋಭಾ, ನಾಚಿಕೆ ಪಡ್ತಿರ್ಲಿಲ್ಲ. ಈಗ ಎಲ್ಲ ಮಾರಿ ನಾನು ಉಳಿದೆ ಅಂತಿಟ್ಕೋ. ಐದು ವರ್ಷ, ಹತ್ತು ವರ್ಷ. ಆಮೇಲೆ ನಾನು ಹೋಗೋ ದಿನ ಇವಳ ಕೈಲಿ ಏನಿರುತ್ತೆ?"

ನೀವೇ ಇರುತ್ತೀರಲ್ಲ, ಮತ್ತೆ ಕೂಡಿಸಬಹುದಲ್ಲ ಎಂದೆ. ಈ ಮೈಯಲ್ಲಿ ಇನ್ನು ಅಂಗಡಿ ಅಂಗಡಿ ಸುತ್ತುವ ಶಕ್ತಿ ಬರುವುದಿಲ್ಲ ಎಂದರು. ಒಳಗೆ ಚಿತ್ರಾ ಪಾತ್ರೆಯ ಮುಚ್ಚಳವನ್ನು ನೆಲದ ಮೇಲೆ ತಿರುಗಿಸುತ್ತಿದ್ದಳು, ಅದು ಗಿರಗಿರ ತಿರುಗಿ ಬೀಳುವ ಸದ್ದು ಬರುತ್ತಿತ್ತು. ರುಕ್ಮಿಣಕ್ಕ ಆ ಸದ್ದಿನ ಕಡೆ ಮುಖ ತಿರುಗಿಸಿ ಅಂದರು:

"ನಂಗೂ ಬದುಕ್ಬೇಕು ಅನ್ಸುತ್ತೆ ಮಾರಾಯ್ತಿ. ಇವರ ಹತ್ರ ಹೇಳ್ಬೇಡ."

ನಾನು ಹೇಳಲಿಲ್ಲ. ಹಾಲು ಬಂತು, ಕಾಫಿ ಕುಡಿದೆ, ಹಿಂತಿರುಗಿದೆ.

ವಾರ ಕಳೆದಿರಬಹುದು. ಮಧ್ಯಾಹ್ನ ಆಫೀಸಿನ ಫೋನ್ ಬಂತು. ರುಕ್ಮಿಣಕ್ಕನ ದನಿ, ಎಂದಿಗಿಂತ ತಗ್ಗಿದ್ದು. ಇವತ್ತು ಬೆಲೆ ಎಷ್ಟಿದೆ ಹೇಳು ಅಂದರು. ನಾನು ಮೊದಲು ಯಾವುದರ ಬೆಲೆ ಎಂದೇ ತಿಳಿಯದೆ ಕೇಳಿದೆ. ನನ್ನವೆಲ್ಲದರದು, ಒಂದೊಂದಾಗಿ ಹೇಳು ಎಂದರು. ಅವರ ಖಾತೆ ತೆರೆದು ಓದತೊಡಗಿದೆ. ಸಾಬೂನಿನ ಕಂಪನಿ, ಔಷಧಿಯದು, ಬಣ್ಣದ್ದು, ಬ್ಯಾಟರಿಯದು. ಪ್ರತಿಯೊಂದಕ್ಕೂ ಅವರು "ಹೂಂ" ಅನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಮೈಯ ಯಾವ ಯಾವ ಜಾಗ ನೋಯುತ್ತದೆ ಎಂದು ಡಾಕ್ಟರು ಒತ್ತಿ ನೋಡುವಾಗ ರೋಗಿ ಅನ್ನುವ ಹೂಂ ಅದು. ನನ್ನ ಹಿಂದೆ ಗಿರಾಕಿಗಳು ಏನೋ ಚರ್ಚೆ ಮಾಡುತ್ತಿದ್ದರು. ಪಟ್ಟಿ ಮುಗಿಯಿತು. ಬಣ್ಣದ ಕಂಪನಿಯದನ್ನು ಇನ್ನೊಮ್ಮೆ ಓದಿಸಿದರು. ಅದೊಂದನ್ನು ಮಾರು, ಉಳಿದದ್ದು ಇರಲಿ ಎಂದರು. ಅದರ ಹಣದಲ್ಲಿ ಕೆಲವು ಇಂಜೆಕ್ಷನ್ ಆಯಿತು. ಅದು ಮುಗಿದ ಮೇಲೆ ಫೋನ್ ಬರಲಿಲ್ಲ. ನಾನು ಮಾಡಿದೆ. ಸಾಕು ಶೋಭಾ ಎಂದರು. ಅದೇ ನಾನು ಕೇಳಿದ ಕೊನೆಯ ಮಾತು.

ಕಾಯಿಲೆ ಬೇಗನೆ ಮರಳಿ ಬಂತು. ಬೇಸಿಗೆ ಶುರುವಾಗುವ ಹೊತ್ತಿಗೆ ಹೋಗಿಬಿಟ್ಟರು. ಆಗ ಮಾರುಕಟ್ಟೆ ನೆಲ ಕಚ್ಚಿತ್ತು. ಸಂಸ್ಕಾರ ಮುಗಿಸಿ ಆಫೀಸಿಗೆ ಬಂದು ಕೂತಾಗ ಕಂಪ್ಯೂಟರಿನಲ್ಲಿ ಅವರ ಖಾತೆ ಇನ್ನೂ ತೆರೆದೇ ಇತ್ತು, ಬೆಲೆಗಳು ಬದಲಾಗುತ್ತಲೇ ಇದ್ದವು. ಯಾರಿಗಾಗಿ ಬದಲಾಗುತ್ತಿವೆ ಅನ್ನಿಸಿತು.

ಎರಡೇ ತಿಂಗಳು. ಮೇ ತಿಂಗಳಲ್ಲಿ ಲೋಕಸಭೆ ಚುನಾವಣೆಯ ಫಲಿತಾಂಶ ಬಂತು. ಅದರ ಮರುಸೋಮವಾರ ಮಾರುಕಟ್ಟೆ ತೆರೆದ ಕೂಡಲೇ ಬೆಲೆಗಳು ಎಷ್ಟು ಮೇಲೆ ಹಾರಿದವೆಂದರೆ ವ್ಯವಹಾರವನ್ನೇ ನಿಲ್ಲಿಸಬೇಕಾಯಿತು. ನಮ್ಮ ಆಫೀಸಿನಲ್ಲಿ ಹಬ್ಬ. ಯಾರೋ ಮೈಸೂರುಪಾಕು ತರಿಸಿದರು. ಆ ಗದ್ದಲದ ನಡುವೆ ಬಾಗಿಲಲ್ಲಿ ಶಿವರಾಮಣ್ಣ ನಿಂತಿದ್ದರು. ಬಸ್‌ಸ್ಟ್ಯಾಂಡಿನ ಟೀವಿಯಲ್ಲಿ ಸುದ್ದಿ ನೋಡಿ ನೆಟ್ಟಗೆ ಬಂದಿದ್ದರು. ಮೈಸೂರುಪಾಕಿನ ತಟ್ಟೆ ಅವರ ಮುಂದೂ ಹೋಯಿತು, ತೆಗೆದುಕೊಂಡು ಕೈಯಲ್ಲೇ ಹಿಡಿದುಕೊಂಡರು. ಅವಳದೂ ಏರಿತಾ ಎಂದು ಕೇಳಿದರು. ಏರಿದೆ ಎಂದೆ. ಇನ್ನೂ ಏರುತ್ತಾ ಎಂದರು. ಏರಬಹುದು ಎಂದೆ.

"ಆರು ತಿಂಗಳು ಮುಂಚೆ ಏರ್ಬಾರ್ದಿತ್ತಾ ಇದು" ಅಂದರು.

ಅಲ್ಲಿದ್ದವರಿಗೆ ಅವರು ಯಾರೆಂದೂ ಗೊತ್ತಿರಲಿಲ್ಲ. ಮೈಸೂರುಪಾಕನ್ನು ನನ್ನ ಮೇಜಿನ ಅಂಚಿನಲ್ಲಿ ಇಟ್ಟು ಹೊರಟುಹೋದರು.

ಆ ವರ್ಷ ಮುಗಿಯುವುದರೊಳಗೆ ಬೆಲೆಗಳು ಹಳೆಯ ಎತ್ತರದ ಹತ್ತಿರ ಬಂದವು. ಷೇರುಗಳನ್ನು ಶಿವರಾಮಣ್ಣನ ಹೆಸರಿಗೆ ವರ್ಗ ಮಾಡಲು ಸಮಯ ಹಿಡಿಯಿತು. ಅಲ್ಲಿಯವರೆಗೂ ಡಿವಿಡೆಂಡು, ಅಂದರೆ ಕಂಪನಿಗಳ ಲಾಭದ ಪಾಲು, ಗಂಡಹೆಂಡಿರ ಜಂಟಿ ಬ್ಯಾಂಕ್ ಖಾತೆಗೆ ರುಕ್ಮಿಣಕ್ಕನ ಹೆಸರಲ್ಲೇ ಬರುತ್ತಿತ್ತು. ವಾರ್ಷಿಕ ಸಭೆಗೆ ತಪ್ಪದೆ ಬರಬೇಕೆಂದು ಕಂಪನಿಗಳು ಅವರ ಹೆಸರಿಗೆ ಕಾಗದ ಕಳಿಸುತ್ತಿದ್ದವು. ಮಧ್ಯಾಹ್ನದ ಹೊತ್ತು ಆಫೀಸಿನ ಫೋನ್ ಬಡಿದುಕೊಂಡರೆ ಎತ್ತುವ ಮುಂಚೆ ನನ್ನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಈಗಲೂ ಬಣ್ಣದ ಆ ಕಂಪನಿಯ ಹೆಸರು ಕಂಡರೆ ಆ ಕಡೆಯಿಂದ ಯಾರೋ ಹೂಂ ಅಂದ ಹಾಗಾಗುತ್ತದೆ. ಅವರು ಮಾಡಿದ್ದು ಸರಿಯೋ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎಲ್ಲ ಮಾರಿ ವರ್ಷಪೂರ್ತಿ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಉಳಿಯುತ್ತಿದ್ದರೋ ಏನೋ. ಡಾಕ್ಟರಿಗೇ ಗೊತ್ತಿರದ ಮಾತು ನನಗೆ ಹೇಗೆ ಗೊತ್ತಾಗಬೇಕು?

ಶಿವರಾಮಣ್ಣ ಆಮೇಲಾಮೇಲೆ ಬೆಲೆ ಕೇಳಲು ಫೋನ್ ಮಾಡತೊಡಗಿದರು. ಏರಿದೆ ಎಂದರೂ ಇಳಿದಿದೆ ಎಂದರೂ ಫೋನ್ ಇಟ್ಟುಬಿಡುತ್ತಿದ್ದರು. ಒಮ್ಮೆ ಯಾಕಣ್ಣ ಸುಮ್ಮನೆ ಕೇಳಿ ನೋಯುತ್ತೀರಿ ಎಂದೆ. "ಏರಿದ್ರೆ, ಇದ್ರಲ್ಲಿ ಅವಳು ಉಳೀತಿದ್ಲು ಅನ್ಸುತ್ತೆ. ಇಳಿದ್ರೆ, ಇದಕ್ಕಾ ಅವಳು ಹೋಗಿದ್ದು ಅನ್ಸುತ್ತೆ. ಎರಡಕ್ಕೂ ಉರಿಯುತ್ತಮ್ಮ" ಅಂದರು. ಆದರೂ ಒಂದನ್ನೂ ಮಾರಲಿಲ್ಲ. ಡಿವಿಡೆಂಡಿನ ಜೊತೆ ತಮ್ಮ ಸಣ್ಣ ಪೆನ್ಷನ್ ಸೇರಿಸಿ, ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯಲ್ಲಿದ್ದ ಆ ತಮಿಳು ಹೆಂಗಸಿಗೇ ಸಂಬಳ ಗೊತ್ತು ಮಾಡಿ ಚಿತ್ರಾಳನ್ನು ಒಪ್ಪಿಸಿದರು. ರುಕ್ಮಿಣಕ್ಕ ಬಯಸಿದ ಒಳ್ಳೆ ಕೈ ಅದು. ಚಿತ್ರಾಳ ಜಡೆ ಎಣ್ಣೆ ಹಾಕಿ ಬಿಗಿಯಾಗಿ ಹೆಣೆದಿರುತ್ತದೆ, ಉಗುರು ಕತ್ತರಿಸಿರುತ್ತದೆ, ಬಟ್ಟೆ ಶುಭ್ರವಾಗಿರುತ್ತದೆ.

ಇದನ್ನೆಲ್ಲ ನಾನು ಕಣ್ಣಾರೆ ಕಂಡದ್ದು ವರ್ಗಾವಣೆಯ ಕೊನೆಯ ಸಹಿಗೆ ಭದ್ರಾವತಿಗೆ ಹೋದಾಗ. ಸಂಜೆಯಾಗಿತ್ತು. ಬಸ್ಸಿಳಿದು ಬೀದಿಗೆ ತಿರುಗಿದರೆ ಚಿತ್ರಾ ಗೇಟಿನ ಹತ್ತಿರವೇ ನಿಂತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ನನ್ನ ಭುಜದ ಮೇಲಿಂದ ಹಿಂದೆ ನೋಡಿದಳು, ಬೀದಿಯ ತಿರುವಿನವರೆಗೂ.

"ನೀ ಬಂದೆ. ಅಮ್ಮ?" ಎಂದಳು.

ನಾನು ಶಿವಮೊಗ್ಗದಿಂದ ಬಂದವಳು. ಅವಳ ಅಮ್ಮ ಬರುತ್ತಿದ್ದುದೂ ಅಲ್ಲಿಂದಲೇ. ಬಾಗಿಲಲ್ಲಿದ್ದ ಶಿವರಾಮಣ್ಣ ತಲೆ ತಗ್ಗಿಸಿ, ದಿನಾ ಈ ಹೊತ್ತಿಗೆ ಹೀಗೇ ಎಂದರು. ಚಿತ್ರಾ ಉತ್ತರಕ್ಕೆ ಕಾಯಲಿಲ್ಲ. ನನ್ನ ಕೈ ಹಿಡಿದು ಎಳೆದು ಕಟ್ಟೆಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಬೀದಿಯ ಕೊನೆಯಲ್ಲಿ ಶಿವಮೊಗ್ಗದ ಇನ್ನೊಂದು ಬಸ್ಸು ಬಂದು ನಿಂತಿತು. ಜನ ಇಳಿದು, ಚೀಲ ಹೆಗಲಿಗೇರಿಸಿಕೊಂಡು, ಒಬ್ಬೊಬ್ಬರಾಗಿ ನಮ್ಮ ಮುಂದೆ ಹಾದುಹೋದರು. ಪ್ರತಿಯೊಬ್ಬರ ಮುಖವನ್ನೂ ಅವಳು ನೋಡಿದಳು. ನಾನೂ ನೋಡಿದೆ.